ಸಾಲ ತೀರಿದ ಮರುತಿಂಗಳು

ಎಲ್ಲರಿಗೂ ನಮಸ್ಕಾರ. ಹಾಸನದ ಬಡಾವಣೆಗಳಿಂದ, ಸುತ್ತಲ ಹಳ್ಳಿಗಳಿಂದ ಇಷ್ಟು ಜನ ಸಂಘದ ಅಕ್ಕತಂಗಿಯರು ಬಂದಿದ್ದೀರಿ, ಬಹಳ ಸಂತೋಷ. ನಾನು ಇಪ್ಪತ್ತು ವರ್ಷದಿಂದ ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ಬ್ಲೌಸು, ಸ್ಕೂಲ್ ಯೂನಿಫಾರಂ ಹೊಲೀತೀನಿ. ಯಜಮಾನರು ಹಳದಿ ಬೋರ್ಡ್ ಕಾರು ಓಡಿಸ್ತಾರೆ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ನೋಡೋಕೆ ಬರೋ ಪ್ರವಾಸಿಗರೇ ನಮಗೆ ಅನ್ನ. ಲಾಕ್‌ಡೌನ್‌ನಲ್ಲಿ ಮನೆ ಹೇಗೆ ನಡೆಸಿದಿರಿ ಅಂತ ಹೇಳಿ ಅಂದರು. ನಾನು ಅದಕ್ಕಿಂತ ಒಂದು ತಿಂಗಳು ಹಿಂದಿನಿಂದ ಶುರು ಮಾಡ್ತೀನಿ. ಯಾಕಂದ್ರೆ ನಾವು ತಪ್ಪು ಮಾಡಿದ್ದು ಲಾಕ್‌ಡೌನ್‌ನಲ್ಲಿ ಅಲ್ಲ, ಸಾಲ ತೀರಿಸಿದ ದಿನ.

2020ರ ಫೆಬ್ರವರಿ. ಇಪ್ಪತ್ತು ತಿಂಗಳ ಚೀಟಿಯಲ್ಲಿ ಕೊನೇ ಚೀಟಿ ನಮ್ಮದು. 72,000 ಕೈಗೆ ಬಂತು. ಕಾರಿನ ಸಾಲದಲ್ಲಿ ಇನ್ನು ನಾಲ್ಕು ಕಂತು ಬಾಕಿ, ತಿಂಗಳಿಗೆ 11,200. ನನ್ನ ಎರಡೆಳೆ ಸರ ಗಿರವಿಯಲ್ಲಿತ್ತು, ಬಡ್ಡಿ ಸೇರಿ 28,000. ಎರಡನ್ನೂ ಒಂದೇ ವಾರದಲ್ಲಿ ಮುಗಿಸಿಬಿಟ್ವಿ. ಐದು ವರ್ಷ ಪ್ರತಿ ತಿಂಗಳು ಐದನೇ ತಾರೀಖು ಬಂದರೆ ಎದೆ ಡವಡವ ಅಂತಿತ್ತು. ಬ್ಯಾಂಕಿನಿಂದ ಸಾಲ ತೀರಿದೆ ಅಂತ ಪತ್ರ ಕೊಟ್ಟಾಗ ಅದನ್ನ ತಂದು ದೇವರ ಮುಂದಿಟ್ಟು ದೀಪ ಹಚ್ಚಿದೆ. ಇಲ್ಲಿ ಕೂತಿರೋರಲ್ಲಿ ಸಾಲ ತೀರಿಸಿದವರಿಗೆ ಆ ಸಂಜೆ ಹೇಗಿರುತ್ತೆ ಅಂತ ಗೊತ್ತು.

ಒಂದು ತಿಂಗಳು ಕಳೀತು. ಮಾರ್ಚ್ 17ಕ್ಕೆ ಹಳೇಬೀಡು ಸೇರಿ ಪುರಾತತ್ತ್ವ ಇಲಾಖೆಯ ಸ್ಮಾರಕಗಳನ್ನೆಲ್ಲ ಮುಚ್ಚಿದರು. ಬುಕ್ ಆಗಿದ್ದ ಟ್ರಿಪ್‌ಗಳು ಒಂದೊಂದಾಗಿ ಕ್ಯಾನ್ಸಲ್ ಆದವು. 24ರ ರಾತ್ರಿ ಟಿವಿಯಲ್ಲಿ ಇಪ್ಪತ್ತೊಂದು ದಿನ ಲಾಕ್‌ಡೌನ್ ಅಂತ ಪ್ರಧಾನಿ ಹೇಳಿದರು. ಮರುದಿನ ಯುಗಾದಿ. ನಾನು ಎದ್ದು ಮನೆಯಲ್ಲಿದ್ದ ದುಡ್ಡನ್ನೆಲ್ಲ ಹೊರಗೆ ತೆಗೆದೆ. ಅಲಮಾರು, ಸಾಸಿವೆ ಡಬ್ಬಿ, ಮಗಳ ಹುಂಡಿ, ಬ್ಯಾಂಕಿನ ಪಾಸ್‌ಬುಕ್, ಎಲ್ಲ ಕೂಡಿದರೆ 11,940. ಹೆಚ್ಚುಕಮ್ಮಿ ಒಂದು ಕಂತಿನ ದುಡ್ಡು.

ಮೆಷಿನ್ ಮೇಲೆ ಕಟ್ಟಿದ್ದ ತಂತಿಯಲ್ಲಿ ಹನ್ನೊಂದು ಬ್ಲೌಸು ನೇತಾಡ್ತಿದ್ದವು. ಎಲ್ಲ ಯುಗಾದಿಗೆ ಅಂತ ಹೊಲಿದಿದ್ದು. ಪ್ರತಿಯೊಂದಕ್ಕೂ ಪಿನ್ನಲ್ಲಿ ಚೀಟಿ ಸಿಕ್ಕಿಸಿದ್ದೆ, ಹೆಸರು, ಬರಬೇಕಾದ ಹಣ. ಯಾರೂ ಬರೋ ಹಾಗಿಲ್ಲ, ನಾನು ಕೇಳೋ ಹಾಗಿಲ್ಲ. ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು ಆ ತಂತಿ ನೋಡ್ತಾ ಕೂತಿದ್ದೆ. ನಾವು ಯಾರಿಗೂ ಒಂದು ರೂಪಾಯಿ ಕೊಡಬೇಕಾಗಿರಲಿಲ್ಲ. ಆದರೆ ಐದು ವಾರ ಕಳೆದರೆ ಅಕ್ಕಿ ಡಬ್ಬ ಖಾಲಿ.

ಈಗ ಲೆಕ್ಕ ನೋಡಿ. ಆ ನಾಲ್ಕು ಕಂತನ್ನ ತಿಂಗಳು ತಿಂಗಳು ಕಟ್ಟಿದ್ದರೆ ಒಟ್ಟು 44,800 ಆಗ್ತಿತ್ತು. ಒಂದೇ ಸಲ ಕಟ್ಟಿದ್ದಕ್ಕೆ 43,800 ಚಿಲ್ಲರೆ. ಉಳಿದದ್ದು ಸಾವಿರ ರೂಪಾಯಿ ಆಸುಪಾಸು. ಸಾಲದ ಕೊನೇ ಕಂತುಗಳಲ್ಲಿ ಇರೋದು ಹೆಚ್ಚುಕಮ್ಮಿ ಎಲ್ಲ ಅಸಲೇ, ಬಡ್ಡಿಯ ಬಹುಪಾಲು ಆಗಲೇ ನಮ್ಮಿಂದ ಹೋಗಿಯಾಗಿರುತ್ತೆ. ಸಾವಿರ ರೂಪಾಯಿ ಉಳಿಸೋಕೆ ನಾಲ್ಕು ತಿಂಗಳ ಊಟ ಬ್ಯಾಂಕಿಗೆ ಕೊಟ್ಟು ಬಂದಿದ್ವಿ. ಸಾಲ ತೀರಿಸಿದ್ದು ತಪ್ಪು ಅಂತ ಹೇಳ್ತಿಲ್ಲ. ಮನೆಯ ಗಡಿಗೆ ಬೋರಲು ಹಾಕಿ ತೀರಿಸಿದ್ದು ತಪ್ಪು. ಮೀಟರ್ ಬಡ್ಡಿ ಇದ್ದರೆ ಅದು ಬೇರೆ ಮಾತು, ಅದನ್ನ ಹೇಗಾದರೂ ಮಾಡಿ ಮೊದಲು ಹರಿದುಹಾಕಿ. ಬ್ಯಾಂಕಿನ ಸಾಲದ ಕೊನೇ ತುದಿಗೆ ಅಷ್ಟು ಅವಸರ ಬೇಕಾಗಿಲ್ಲ.

ಆಗ ಒಂದು ನೋಟ್‌ಬುಕ್ ಶುರು ಮಾಡಿದೆ. ಮೊದಲ ಪುಟದಲ್ಲಿ ತಳದ ಖರ್ಚು ಅಂತ ಬರೆದೆ. ಮನೆ ಬಾಡಿಗೆ 4,500. ದಿನಸಿ, ಹಾಲು, ಗ್ಯಾಸು, ಕರೆಂಟು. ಅತ್ತೆಯ ಬಿಪಿ, ಶುಗರ್ ಮಾತ್ರೆ 900. ಎಲ್ಲ ಸೇರಿ ತಿಂಗಳಿಗೆ 10,300. ಅದಕ್ಕಿಂತ ಕೆಳಗೆ ಇಳಿಸೋಕೆ ಆಗಲ್ಲ. ನಮ್ಮತ್ತೆ, ಒಂದು ಹೊತ್ತಿನ ಮಾತ್ರೆ ಬಿಡ್ತೀನಿ ಕಣಮ್ಮ ಅಂದರು. ಬೇಡ ಅತ್ತೆ, ಟಿವಿ ಕೇಬಲ್ ಬಿಡೋಣ ಅಂದೆ. ಮಾತ್ರೆ ಬಿಟ್ಟು ದುಡ್ಡು ಉಳಿಸಿದವರ ಮನೆಗಳನ್ನ ನಾನು ನೋಡಿದ್ದೀನಿ. ಅದು ಉಳಿತಾಯ ಅಲ್ಲ.

ಅಡುಗೆಮನೆ ಕಡೆ ರಾಗಿ ಕೈ ಹಿಡೀತು. ಊರಿಂದ ತಂದಿದ್ದ ಒಂದು ಚೀಲ ಇತ್ತು, ಹುರುಳಿಕಾಳಿತ್ತು. ಕೇಂದ್ರದಿಂದ ಏಪ್ರಿಲ್‌ನಿಂದ ತಲೆಗೆ ಐದು ಕೆಜಿ ಉಚಿತ ಧಾನ್ಯ ಅಂತ ಆಯ್ತು, ನಮ್ಮದು ಬಿಪಿಎಲ್ ಕಾರ್ಡು. ನನ್ನ ಜನಧನ್ ಖಾತೆಗೆ ತಿಂಗಳಿಗೆ 500ರಂತೆ ಮೂರು ತಿಂಗಳು ಬಂತು. ಸಣ್ಣ ದುಡ್ಡು ಅನ್ನಬೇಡಿ. ಆ 500 ಬಂದ ದಿನ ನಾನು ಎಣ್ಣೆ ತಂದೆ. ಚಾಲಕರಿಗೆ ಒಂದು ಸಲಕ್ಕೆ 5,000 ಅಂತ ರಾಜ್ಯ ಸರ್ಕಾರ ಮೇ ತಿಂಗಳಲ್ಲಿ ಹೇಳಿತು, ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಿದ್ವಿ. ಅದು ಬಂದಾಗ ಬಂತು. ಬರಬೇಕಾದ ದುಡ್ಡನ್ನ ಬರೋವರೆಗೂ ಲೆಕ್ಕಕ್ಕೆ ಹಿಡೀಬೇಡಿ, ನಾನು ಹಿಡಿದಿರಲಿಲ್ಲ.

ಉಳಿದಿದ್ದ ಲೈನಿಂಗ್ ಬಟ್ಟೆಯಲ್ಲಿ ಮಾಸ್ಕ್ ಹೊಲಿದೆ. ಎಲಾಸ್ಟಿಕ್ ಎಲ್ಲೂ ಸಿಗಲಿಲ್ಲ, ಅದೇ ಬಟ್ಟೆಯಲ್ಲಿ ಲಾಡಿ ಕತ್ತರಿಸಿ ಕಟ್ಟಿದೆ. ಒಂದಕ್ಕೆ ಹತ್ತು ರೂಪಾಯಿ. ಮೆಡಿಕಲ್ ಸ್ಟೋರಿನವರು, ಹಾಲಿನ ಡೈರಿಯವರು ತಗೊಂಡರು. ಏಪ್ರಿಲ್, ಮೇ ಎರಡು ತಿಂಗಳಿಗೆ 6,000 ದಾಟಿತು. ಆದರೂ ಮೇ ತಿಂಗಳ ಬಾಡಿಗೆ ಅರ್ಧವೇ ಕೊಡೋಕೆ ಆಗಿದ್ದು. ಮನೆ ಓನರ್ ಒಳ್ಳೆಯವರು, ಇರಲಿ ಬಿಡಮ್ಮ ಅಂದರು. ನಾನು ಬಿಡಲಿಲ್ಲ. 2,250 ಬಾಕಿ ಅಂತ ನೋಟ್‌ಬುಕ್‌ನಲ್ಲಿ ಕೆಂಪು ಪೆನ್ನಲ್ಲಿ ಬರೆದೆ, ಜುಲೈನಲ್ಲಿ ಕೊಟ್ಟು ಹೊಡೆದುಹಾಕಿದೆ. ಬರೆದಿಡದ ಕೈಸಾಲವೇ ನೆಂಟಸ್ತಿಕೆ, ಸ್ನೇಹ ಎರಡನ್ನೂ ತಿನ್ನೋದು.

ಗಿರವಿ ಬಿಡಿಸಿ ತಂದ ಸರ ಕೊರಳಲ್ಲೇ ಇತ್ತು. ಮತ್ತೆ ಇಡೋಣ ಅಂತ ಎರಡು ರಾತ್ರಿ ಮಾತಾಡಿದ್ವಿ. ದುಡಿಮೆ ಯಾವಾಗ ಶುರುವಾಗುತ್ತೆ ಅಂತ ಗೊತ್ತಿಲ್ಲದಾಗ ಬಿಡಿಸೋ ದಾರಿ ಯಾವುದು ಅಂತ ಯಜಮಾನರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಡಲಿಲ್ಲ. ಆದರೆ ಆಸ್ಪತ್ರೆ ಖರ್ಚೇನಾದರೂ ಬಂದಿದ್ದರೆ ಬೆಳಗಾಗೋದರೊಳಗೆ ಇಡ್ತಿದ್ದೆ, ಅದಕ್ಕೆ ಅಂತಲೇ ಒಡವೆ ಇರೋದು.

ಕಂತು ಮುಂದೂಡಿದ ವಿಷಯ ಹೇಳಲೇಬೇಕು, ಇಲ್ಲಿ ಬಹಳ ಜನ ಪೆಟ್ಟು ತಿಂದಿದ್ದಾರೆ. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಮೂರು ತಿಂಗಳ ಕಂತು ಮುಂದೂಡೋಕೆ ಬ್ಯಾಂಕುಗಳಿಗೆ ಅವಕಾಶ ಕೊಟ್ಟಿತು, ಆಮೇಲೆ ಆಗಸ್ಟ್ 31ರವರೆಗೆ ವಿಸ್ತರಿಸಿತು. ನಮ್ಮ ಬೀದಿಯಲ್ಲೇ ಇನ್ನೊಬ್ಬರು ಟೆಂಪೊ ಇಟ್ಟಿದ್ದಾರೆ, ಆರು ಲಕ್ಷ ಸಾಲ ಬಾಕಿ. ಕಂತು ಮನ್ನಾ ಆಯ್ತು ಅಂದುಕೊಂಡರು. ಮನ್ನಾ ಅಲ್ಲ. ಶೇಕಡ 11ರ ಬಡ್ಡಿ ಅಂದ್ರೆ ತಿಂಗಳಿಗೆ 5,500. ಆರು ತಿಂಗಳಿಗೆ 33,000 ಸಾಲದ ತಲೆಮೇಲೆ ಕೂತಿತು. ಬಡ್ಡಿಯ ಮೇಲಿನ ಬಡ್ಡಿಯನ್ನ ಎರಡು ಕೋಟಿವರೆಗಿನ ಸಾಲಗಳಿಗೆ ಸರ್ಕಾರ ಆಮೇಲೆ ತುಂಬಿಕೊಟ್ಟಿತು, ನಿಜ. ಆದರೆ ಆ 33,000 ಬಡ್ಡಿ ಹಾಗೇ ಉಳೀತು. ಕೈಯಲ್ಲಿ ಏನೂ ಇಲ್ಲದವರು ಮುಂದೂಡಿದ್ದು ಸರಿ, ಬೇರೆ ದಾರಿ ಇರಲಿಲ್ಲ. ದುಡ್ಡಿದ್ದೂ ಮುಂದೂಡಿದವರು ನಷ್ಟ ಮಾಡಿಕೊಂಡರು. ಮುಂದೆಂದಾದರೂ ಇಂಥದ್ದು ಬಂದರೆ ಬ್ಯಾಂಕಿನವರನ್ನ ಒಂದೇ ಪ್ರಶ್ನೆ ಕೇಳಿ: ಈ ತಿಂಗಳ ಬಡ್ಡಿ ಓಡುತ್ತಾ, ನಿಲ್ಲುತ್ತಾ?

ಜುಲೈ 6ಕ್ಕೆ ಸ್ಮಾರಕಗಳು ತೆರೆದವು. ಪ್ರವಾಸಿಗರು ಬಂದದ್ದು ಬಹಳ ನಿಧಾನ. ಜೂನ್‌ನ ಯೂನಿಫಾರಂ ಹೊಲಿಗೆ ಆ ವರ್ಷ ಬರಲೇ ಇಲ್ಲ, ಸ್ಕೂಲೇ ಇರಲಿಲ್ಲವಲ್ಲ. ಅಂಥ ಹೊತ್ತಲ್ಲಿ ಮಗಳಿಗೆ ಆನ್‌ಲೈನ್ ಪಾಠಕ್ಕೆ ಫೋನು ಬೇಕಾಯ್ತು. ಬಡ್ಡಿ ಇಲ್ಲದ ಕಂತಲ್ಲಿ ತಗೊಳ್ಳಿ, ನಿಮ್ಮ ಸಾಲದ ದಾಖಲೆ ಚೆನ್ನಾಗಿದೆ, ಕೂಡಲೇ ಸಿಗುತ್ತೆ ಅಂತ ಅಂಗಡಿಯವರು ಅಂದರು. ಸಾಲ ತೀರಿಸಿದವರ ಬಾಗಿಲಿಗೇ ಹೊಸ ಸಾಲ ಮೊದಲು ಬರೋದು. ಅವಳು ಒಂದಷ್ಟು ದಿನ ಚಂದನ ವಾಹಿನಿಯ ಪಾಠ ನೋಡಿದಳು, ನಾವು ದುಡ್ಡು ಕೂಡಿಸಿ ಹಳೇ ಫೋನು ತಂದುಕೊಟ್ವಿ.

ಆಗಸ್ಟ್‌ನಿಂದ ಒಂದು ಕೆಲಸ ಮಾಡಿದ್ವಿ. ನಾನು ಮುಖ್ಯವಾಗಿ ಹೇಳೋಕೆ ಬಂದಿದ್ದು ಇದನ್ನೇ. ಐದನೇ ತಾರೀಖಿನ ಕಂತನ್ನ ಮತ್ತೆ ಶುರು ಮಾಡಿದ್ವಿ, ಈ ಸಲ ನಮಗೇ. ಐದು ವರ್ಷ ಬ್ಯಾಂಕಿಗೆ ಕಟ್ಟಿದ ಕೈಗೆ ಅಭ್ಯಾಸ ಇದೆ, ಅದನ್ನ ಯಾಕೆ ಬಿಡಬೇಕು? ಪೋಸ್ಟ್ ಆಫೀಸಿನಲ್ಲಿ ಎಟಿಎಂ ಕಾರ್ಡ್ ತಗೊಳ್ಳದೆ ಒಂದು ಉಳಿತಾಯ ಖಾತೆ ಮಾಡಿಸಿ, ಅದಕ್ಕೆ ಕಂತು ಕಟ್ಟೋಕೆ ಶುರು ಮಾಡಿದ್ವಿ. ಮೊದಲ ತಿಂಗಳು 1,500, ಡಿಸೆಂಬರ್‌ನಲ್ಲಿ ಮದುವೆ ಬ್ಲೌಸು ಬಂದಾಗ 6,000. ಕಾರ್ಡಿಲ್ಲದ್ದರಿಂದ ದುಡ್ಡು ಬೇಕಾದರೆ ಸಾಲಲ್ಲಿ ನಿಂತು ತೆಗೀಬೇಕು. ನಿಂತಿರೋ ಆ ಹೊತ್ತಲ್ಲಿ ಎಷ್ಟೋ ಆಸೆ ಇಳಿದುಹೋಗುತ್ತೆ. 2021ರ ಏಪ್ರಿಲ್ ಹೊತ್ತಿಗೆ 31,000 ಆಗಿತ್ತು. ತಳದ ಖರ್ಚಿನ ಮೂರು ಪಟ್ಟು.

ಏಪ್ರಿಲ್ 27ಕ್ಕೆ ಮತ್ತೆ ಬಂದ್ ಆಯ್ತು. ಬೆಳಿಗ್ಗೆ ಆರರಿಂದ ಹತ್ತು, ಅಷ್ಟೇ. ಬೇರೆ ಕಡೆ ಜೂನ್ 14ಕ್ಕೆ ಸಡಿಲ ಮಾಡಿದರೂ ಹಾಸನ, ಚಿಕ್ಕಮಗಳೂರು ಸೇರಿ ಹನ್ನೊಂದು ಜಿಲ್ಲೆಗಳಿಗೆ 21ರವರೆಗೆ ಬಿಗಿಯೇ ಇತ್ತು. ಮೇ ತಿಂಗಳಲ್ಲಿ ಯಜಮಾನರಿಗೆ ಕೊರೋನ ಬಂತು. ಹದಿನಾಲ್ಕು ದಿನ ಒಂದು ಕೋಣೆಯಲ್ಲಿ ಅವರು, ಬಾಗಿಲ ಹೊರಗೆ ನಾನು. ಪರೀಕ್ಷೆ, ಸ್ಕ್ಯಾನಿಂಗ್, ಮಾತ್ರೆಗೆ 7,400 ಆಯ್ತು. ಆ ಹದಿನಾಲ್ಕು ದಿನ ನನಗೆ ಅವರ ಉಸಿರಿನದ್ದು ಬಿಟ್ಟು ಬೇರೆ ಯೋಚನೆ ಇರಲಿಲ್ಲ. ದುಡ್ಡಿನ ಯೋಚನೆ ಇರಲಿಲ್ಲ. ಹಿಂದಿನ ವರ್ಷ ಇದೇ ಬಂದಿದ್ದರೆ ನಾನು ಯಾರ ಮನೆ ಬಾಗಿಲಲ್ಲಿ ನಿಂತಿರ್ತಿದ್ದೆ ಅಂತ ಈಗಲೂ ರಾತ್ರಿ ನೆನಪಾಗುತ್ತೆ.

ಎರಡೂ ವರ್ಷದ ನೋಟ್‌ಬುಕ್ ತಂದಿದ್ದೀನಿ. ಮುಂದಿನ ಸಾಲಿನಿಂದ ಕಳಿಸ್ತೀನಿ, ಪುಟ ತಿರುವಿ ನೋಡಿ. ನಿಮ್ಮ ಮನೆಯ ತಳದ ಖರ್ಚು ಎಷ್ಟು ಅಂತ ಒಂದು ಹಾಳೆಯಲ್ಲಿ ಬರೀರಿ, ಬರೆದವರು ಇಲ್ಲೇ ಬನ್ನಿ, ಕೂತು ನೋಡೋಣ.