ಅರ್ಧ ಆಟದ ಆರ್ಟಿ

ಎಲ್ಲರಿಗೂ ನಮಸ್ಕಾರ.

ಆಟಗಾರ ಕೋಚ್ ಆದಾಗ ಏನಾಗುತ್ತದೆ ಅನ್ನೋದು ಇವತ್ತಿನ ವಿಷಯ. ನೀವೆಲ್ಲ ಯಾರಾದರೂ ಕ್ರಿಕೆಟಿಗನ ಹೆಸರು ಬರುತ್ತದೆ ಅಂತ ಕಾಯುತ್ತಿರಬಹುದು. ನಾನು ಆರಿಸಿಕೊಂಡಿರುವುದು ಆಸ್ಟ್ರೇಲಿಯಾದ ರಗ್ಬಿ ಲೀಗ್ ಆಟಗಾರರೊಬ್ಬರನ್ನು. ಹೆಸರು ಆರ್ಥರ್ ಬೀಟ್ಸನ್. ಅಲ್ಲಿಯ ಜನ ಪ್ರೀತಿಯಿಂದ 'ಬಿಗ್ ಆರ್ಟಿ' ಅಂತಿದ್ದರು. ಕೋಚ್ ಆಗಿ ಅವರು ಮಹಾ ತಂತ್ರಗಾರ ಏನಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೂ ಅವರ ಕಥೆ ಹೇಳಬೇಕು ಅನ್ನಿಸಿದೆ. ಯಾಕೆ ಅಂತ ಹೋಗ್ತಾ ಹೋಗ್ತಾ ಗೊತ್ತಾಗುತ್ತದೆ.

ಮೊದಲು ಆಟದ ಬಗ್ಗೆ ಎರಡು ಮಾತು. ನಾವು ಟಿವಿಯಲ್ಲಿ ಆಗೀಗ ನೋಡುವ ರಗ್ಬಿಯಲ್ಲಿ ಹದಿನೈದು ಜನ ಇರುತ್ತಾರಲ್ಲ, ಅದು ರಗ್ಬಿ ಯೂನಿಯನ್. ರಗ್ಬಿ ಲೀಗ್ ಬೇರೆ ಆಟ. ಇದರಲ್ಲಿ ಹದಿಮೂರು ಜನ. 1895ರಲ್ಲಿ ಉತ್ತರ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಊರಿನ ಹೋಟೆಲೊಂದರಲ್ಲಿ ಅಲ್ಲಿಯ ಕ್ಲಬ್‌ಗಳು ಸೇರಿ ಬೇರೆಯಾದವು. ಜಗಳ ದುಡ್ಡಿನದ್ದು. ಗಣಿ, ಗಿರಣಿಗಳ ಕೆಲಸಗಾರರು ಶನಿವಾರ ಆಡಲು ಹೋದರೆ ಆ ದಿನದ ಕೂಲಿ ಹೋಗುತ್ತಿತ್ತು. ಅದನ್ನು ತುಂಬಿಕೊಡಿ ಅಂತ ಕ್ಲಬ್‌ಗಳು ಕೇಳಿದವು. ಲಂಡನ್ನಿನ ದೊಡ್ಡ ಮನುಷ್ಯರು ಆಗಲ್ಲ ಅಂದರು. ಹಾಗಾಗಿ ಇದು ಹುಟ್ಟಿನಿಂದಲೇ ಕೂಲಿಕಾರರ ಆಟ. ಸಿಡ್ನಿ, ಬ್ರಿಸ್ಬೇನ್‌ಗೆ ಹೋದಾಗಲೂ ಆ ಗುಣ ಬಿಡಲಿಲ್ಲ.

ತಂಡದಲ್ಲಿ ಆರು ಜನ ಫಾರ್ವರ್ಡ್‌ಗಳು. ಚೆಂಡು ಹಿಡಿದು ಎದುರಾಳಿಗಳ ಗೋಡೆಗೆ ನೇರ ನುಗ್ಗುವುದು, ಕೆಳಗೆ ಬೀಳುವುದು, ಎದ್ದು ಮತ್ತೆ ನುಗ್ಗುವುದು ಇವರ ಪಾಡು. ಓಡಿ ಹೋಗಿ ಟ್ರೈ ಹೊಡೆದು, ಅಂದರೆ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿ, ಫೋಟೋ ತೆಗೆಸಿಕೊಳ್ಳುವವರು ಸಾಮಾನ್ಯವಾಗಿ ಹಿಂದಿನ ಸಾಲಿನವರು. ಬೀಟ್ಸನ್ ಫಾರ್ವರ್ಡ್‌ಗಳ ಎರಡನೇ ಸಾಲಿನಲ್ಲೂ ಆಡಿದರು, ಪ್ರಾಪ್ ಆಗಿಯೂ ಆಡಿದರು. ಪ್ರಾಪ್ ಅಂದರೆ ತೀರ ಮುಂದೆ ನಿಲ್ಲುವ ಭಾರಿ ಆಳು.

ಇವರ ವಿದ್ಯೆ ಆಫ್‌ಲೋಡ್. ಎದುರಾಳಿಗಳು ಹಿಡಿದ ಮೇಲೂ, ಕೆಳಗೆ ಬೀಳುವ ಮುಂಚೆ ಚೆಂಡನ್ನು ಜೊತೆಗಾರನಿಗೆ ದಾಟಿಸುವುದು. ಕಬಡ್ಡಿಯಲ್ಲಿ ನಾಲ್ಕು ಜನ ಮೈಮೇಲೆ ಬಿದ್ದಿದ್ದರೂ ರೈಡರ್ ಒಂದು ಕೈ ಮಾತ್ರ ಬಿಡಿಸಿಕೊಂಡು ಗೆರೆಯತ್ತ ಚಾಚುತ್ತಾನಲ್ಲ, ಆ ಕೈಯನ್ನು ನೆನಪಿಸಿಕೊಳ್ಳಿ. ಬೀಟ್ಸನ್ ಓಡಿ ಬಂದು ಡಿಕ್ಕಿ ಹೊಡೆಯುವ ಕ್ಷಣದಲ್ಲಿ ಮೈಯನ್ನು ಸ್ವಲ್ಪ ತಿರುಗಿಸುತ್ತಿದ್ದರು. ಹಿಡಿಯುವವರ ತೋಳೆಲ್ಲ ಅವರ ಸೊಂಟಕ್ಕೆ, ಎದೆಗೆ ಸುತ್ತಿಕೊಳ್ಳುತ್ತಿದ್ದವು. ಚೆಂಡಿದ್ದ ಕೈ ಮಾತ್ರ ಮೇಲೆ, ಖಾಲಿ ಗಾಳಿಯಲ್ಲಿ. ಇಬ್ಬರು ಮೂವರು ಅವರನ್ನು ಹಿಡಿಯುವುದರಲ್ಲೇ ಮುಳುಗಿರುವಾಗ ಚೆಂಡು ಅವರ ಬೆನ್ನ ಹಿಂದಿನಿಂದ ಓಡಿ ಬರುತ್ತಿದ್ದವನ ಕೈ ಸೇರಿರುತ್ತಿತ್ತು. ಪಾಸ್ ಯಾವಾಗಲೂ ಹಿಂದಕ್ಕೇ ಹೋಗಬೇಕು, ನೆನಪಿರಲಿ. ಮುಂದಕ್ಕೆ ಎಸೆದರೆ ತಪ್ಪು.

ಇದು ಸುಮ್ನೆ ಶೋಕಿ ಅಲ್ಲ. 1967ರವರೆಗೆ ಒಂದು ತಂಡ ಎಷ್ಟು ಸಲ ಬಿದ್ದೆದ್ದರೂ ಚೆಂಡನ್ನು ತನ್ನಲ್ಲೇ ಇಟ್ಟುಕೊಳ್ಳಬಹುದಿತ್ತು. ಆ ವರ್ಷ ನಾಲ್ಕೇ ಟ್ಯಾಕಲ್, ಅಂದರೆ ಹಿಡಿದು ಕೆಡವುವುದು ನಾಲ್ಕೇ ಸಲ, ಅಂತ ಮಿತಿ ಬಂತು. 1971ರಲ್ಲಿ ಆಸ್ಟ್ರೇಲಿಯಾದಲ್ಲಿ ಅದು ಆರಾಯಿತು. ಅಂದರೆ ಪ್ರತಿ ಟ್ಯಾಕಲ್‌ಗೂ ಬೆಲೆ ಬಂತು. ಹಿಡಿಸಿಕೊಂಡೂ ಆಟ ನಿಲ್ಲದಂತೆ ಮಾಡುವವನಿಗೆ ಇನ್ನೂ ಜಾಸ್ತಿ ಬೆಲೆ ಬಂತು. ಬೀಟ್ಸನ್ ಸರಿಯಾದ ಕಾಲಕ್ಕೆ ಬಂದರು.

ಹುಟ್ಟಿದ್ದು 1945ರ ಜನವರಿ 22ರಂದು, ಕ್ವೀನ್ಸ್‌ಲ್ಯಾಂಡ್ ರಾಜ್ಯದ ರೋಮಾ ಊರಿನಲ್ಲಿ. ಒಳನಾಡು, ದನ ಸಾಕುವ ಸೀಮೆ. ಮೂಲನಿವಾಸಿ ಕುಟುಂಬ. ಆ ಕಾಲದಲ್ಲಿ ಆಸ್ಟ್ರೇಲಿಯಾ ಸರ್ಕಾರಗಳು ಮೂಲನಿವಾಸಿ ಮಕ್ಕಳನ್ನು ಮನೆಯವರಿಂದ ಕಿತ್ತುಕೊಂಡು ಬೇರೆ ಕಡೆ ಬೆಳೆಸುತ್ತಿದ್ದವು. ಬೀಟ್ಸನ್ ಅವರ ತಾಯಿ ಅಂಥ ಮಕ್ಕಳಲ್ಲಿ ಒಬ್ಬರು.

ಹುಡುಗ ಬ್ರಿಸ್ಬೇನ್ ಹತ್ತಿರದ ರೆಡ್‌ಕ್ಲಿಫ್ ಕ್ಲಬ್ಬಿಗೆ ಬಂದ. 1965ರಲ್ಲಿ ಆ ಕ್ಲಬ್ ಬ್ರಿಸ್ಬೇನ್ ಪ್ರಶಸ್ತಿ ಗೆದ್ದಿತು. ಮರುವರ್ಷವೇ ಸಿಡ್ನಿಯ ಬಾಲ್ಮೇನ್ ಕ್ಲಬ್ ಕರೆಸಿಕೊಂಡಿತು. ಬಂದ ವರ್ಷವೇ ಗ್ರ್ಯಾಂಡ್ ಫೈನಲ್ ಆಡಿದರು, ಅದೇ ವರ್ಷ ದೇಶದ ತಂಡಕ್ಕೂ ಬಂದರು. ಫೈನಲ್‌ನಲ್ಲಿ ಎದುರಿಗಿದ್ದದ್ದು ಸೇಂಟ್ ಜಾರ್ಜ್, ಹತ್ತು ವರ್ಷದಿಂದ ಬೇರೆ ಯಾರಿಗೂ ಕಪ್ ಬಿಟ್ಟುಕೊಡದ ತಂಡ. ಬಾಲ್ಮೇನ್ 23-4ರಿಂದ ಸೋತಿತು. ಸೇಂಟ್ ಜಾರ್ಜ್‌ಗೆ ಅದು ಸತತ ಹನ್ನೊಂದನೇ ಕಪ್.

ಇಷ್ಟೆಲ್ಲ ಆದರೂ ಸಿಡ್ನಿಯವರು ಇವರಿಗೆ ಇಟ್ಟ ಅಡ್ಡಹೆಸರು 'ಅರ್ಧ ಆಟದ ಆರ್ಟಿ'. ಊಟ ಅಂದರೆ ಪ್ರಾಣ, ತರಬೇತಿ ಅಂದರೆ ಅಷ್ಟಕ್ಕಷ್ಟೆ. ಮೊದಲರ್ಧದಲ್ಲಿ ಸಿಡಿಲಿನ ಹಾಗೆ ಆಡಿ ಎರಡನೇ ಅರ್ಧದಲ್ಲಿ ಏದುಸಿರು ಬಿಡುತ್ತಾರೆ ಅನ್ನುವ ದೂರು. ಮೂಗಿನ ತುದಿಯಲ್ಲಿ ಕೋಪ ಬೇರೆ. 1968ರಲ್ಲಿ ಇಂಗ್ಲೆಂಡಿನ ಹಲ್ ಕಿಂಗ್‌ಸ್ಟನ್ ರೋವರ್ಸ್‌ಗೆ ಆಡಲು ಹೋಗಿ ಕಾಲು ಮುರಿದುಕೊಂಡರು. 1969ರಲ್ಲಿ ಸೆಮಿಫೈನಲ್‌ನಲ್ಲಿ ರೆಫರಿ ಹೊರಗೆ ಕಳಿಸಿದರು, ನಿಷೇಧವಾಯಿತು. ಫೈನಲ್‌ನಲ್ಲಿ ಬಾಲ್ಮೇನ್ ಸೌತ್ ಸಿಡ್ನಿಯನ್ನು 11-2ರಿಂದ ಸೋಲಿಸಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ಬೀಟ್ಸನ್ ಅವತ್ತು ಹೊರಗೆ ಕೂತಿದ್ದರು.

ಈ ಅಡ್ಡಹೆಸರು ಪೂರ್ತಿ ಸುಳ್ಳು ಅಂತ ನಾನು ವಾದಿಸುವುದಿಲ್ಲ. ಆದರೆ ಎಷ್ಟು ಓಡಿದ, ಎಷ್ಟು ಟ್ಯಾಕಲ್ ಮಾಡಿದ ಅಂತ ಎಣಿಸಿ ಫಾರ್ವರ್ಡ್‌ನನ್ನು ಅಳೆಯುವುದು ಸೋಮಾರಿ ಅಳತೆ ಅಂತ ನನ್ನ ಅಭಿಪ್ರಾಯ. ಎದುರಾಳಿ ಮೂವರನ್ನು ಒಂದೇ ಕಡೆ ಕಟ್ಟಿಹಾಕಿ ಚೆಂಡು ದಾಟಿಸಿದವನ ಕೆಲಸ ಯಾವ ಲೆಕ್ಕದ ಪುಸ್ತಕಕ್ಕೂ ಹೋಗುತ್ತಿರಲಿಲ್ಲ.

ತಮಾಷೆ ಏನೆಂದರೆ, ಬೀಟ್ಸನ್‌ರನ್ನು ದಾರಿಗೆ ತಂದದ್ದು ಲೆಕ್ಕಾಚಾರಕ್ಕೇ ಹೆಸರಾದ ಒಬ್ಬ ಕೋಚ್. ಅವರ ಹೆಸರು ಜ್ಯಾಕ್ ಗಿಬ್ಸನ್. ಅಮೆರಿಕನ್ ಫುಟ್‌ಬಾಲ್ ನೋಡಿ ಕಲಿತವರು, ಅಂಕಿಅಂಶ ಇಟ್ಟುಕೊಂಡು ತರಬೇತಿ ಕೊಟ್ಟವರು, ಮಾತು ಕಡಿಮೆ. ಬೀಟ್ಸನ್ 1971ರಲ್ಲಿ ಈಸ್ಟರ್ನ್ ಸಬರ್ಬ್ಸ್ ಕ್ಲಬ್ ಸೇರಿದ್ದರು, ಈಗಿನ ಸಿಡ್ನಿ ರೂಸ್ಟರ್ಸ್. 1974ರಲ್ಲಿ ಗಿಬ್ಸನ್ ಅಲ್ಲಿಗೆ ಕೋಚ್ ಆಗಿ ಬಂದರು. ಸೋಮಾರಿ ಅನ್ನಿಸಿಕೊಂಡವನೇ ಆ ತಂಡದ ಕ್ಯಾಪ್ಟನ್. ಜವಾಬ್ದಾರಿ ಹೆಗಲ ಮೇಲೆ ಬಿದ್ದ ಮೇಲೆ ಮನುಷ್ಯ ಪೂರ್ತಿ ಎಂಬತ್ತು ನಿಮಿಷ ಆಡಲು ಶುರು ಮಾಡಿದ. 1974ರಲ್ಲಿ ಕಪ್. 1975ರಲ್ಲಿ ಸತತ ಹತ್ತೊಂಬತ್ತು ಗೆಲುವು, ಮತ್ತೆ ಕಪ್. ಆ ಫೈನಲ್‌ನಲ್ಲಿ ಅರ್ಧ ಹೊತ್ತಿಗೆ ಸ್ಕೋರು ಬರೀ 5-0. ಮುಗಿದಾಗ 38-0. ಎದುರಾಳಿ ಸೇಂಟ್ ಜಾರ್ಜ್, ಒಂಬತ್ತು ವರ್ಷದ ಹಿಂದೆ ಇವರನ್ನು ಸೋಲಿಸಿದ್ದ ಅದೇ ಕ್ಲಬ್.

ಈ ನಡುವೆ 1973ರಲ್ಲಿ ಬೀಟ್ಸನ್ ಆಸ್ಟ್ರೇಲಿಯಾ ತಂಡವನ್ನು ಮುನ್ನಡೆಸಿದರು. ಯಾವುದೇ ಆಟದಲ್ಲಿ ದೇಶದ ತಂಡದ ಕ್ಯಾಪ್ಟನ್ ಆದ ಮೊದಲ ಮೂಲನಿವಾಸಿ ಅವರು. ಇದರ ತೂಕ ಗೊತ್ತಾಗಬೇಕಾದರೆ ಇನ್ನೊಂದು ವರ್ಷ ನೆನಪಿಡಿ. ಆಸ್ಟ್ರೇಲಿಯಾದ ಸಂವಿಧಾನದಲ್ಲಿ, ಜನಸಂಖ್ಯೆ ಲೆಕ್ಕ ಹಾಕುವಾಗ ಮೂಲನಿವಾಸಿಗಳನ್ನು ಸೇರಿಸಬಾರದು ಅಂತ ಒಂದು ವಿಧಿ ಇತ್ತು. ಅದನ್ನು ಜನಮತ ತೆಗೆದುಕೊಂಡು ಕಿತ್ತುಹಾಕಿದ್ದು 1967ರಲ್ಲಿ. ಆ ಹೊತ್ತಿಗಾಗಲೇ ಬೀಟ್ಸನ್ ಆ ದೇಶದ ಪರ ಆಡಿದ್ದರು!

ಈಗ 1980ಕ್ಕೆ ಬರೋಣ. ಇವತ್ತು ಇವರ ಬಗ್ಗೆ ಮಾತಾಡುತ್ತಿರುವುದೇ ಈ ವರ್ಷಕ್ಕಾಗಿ.

ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ರಾಜ್ಯಗಳ ನಡುವೆ ಪ್ರತಿ ವರ್ಷ ಪಂದ್ಯ ನಡೆಯುತ್ತಿತ್ತು. ನಿಯಮ ಏನೆಂದರೆ, ನೀನು ಯಾವ ರಾಜ್ಯದ ಕ್ಲಬ್ಬಿಗೆ ಆಡುತ್ತೀಯೋ ಆ ರಾಜ್ಯಕ್ಕೇ ಆಡಬೇಕು. ಕೇಳಲು ಸರಿಯಾಗೇ ಇದೆ, ಅಲ್ವಾ? ಆದರೆ ನ್ಯೂ ಸೌತ್ ವೇಲ್ಸ್‌ನಲ್ಲಿ 1956ರಿಂದ ಕ್ಲಬ್‌ಗಳು ಜೂಜಿನ ಯಂತ್ರ ಇಟ್ಟುಕೊಳ್ಳಬಹುದಿತ್ತು. ಸಿಡ್ನಿ ಕ್ಲಬ್‌ಗಳ ಗಲ್ಲಾಪೆಟ್ಟಿಗೆ ತುಂಬಿತು. ಕ್ವೀನ್ಸ್‌ಲ್ಯಾಂಡ್‌ಗೆ ಆ ಯಂತ್ರಗಳು ಬಂದದ್ದು 1990ರ ದಶಕದಲ್ಲಿ. ಒಳ್ಳೆ ಆಟಗಾರ ಕಂಡರೆ ಸಿಡ್ನಿಯವರು ಎತ್ತಿಕೊಂಡು ಹೋಗುತ್ತಿದ್ದರು. ಅವನು ವಾಪಸ್ ಬರುತ್ತಿದ್ದದ್ದು ನೀಲಿ ಅಂಗಿ ಹಾಕಿಕೊಂಡು, ತನ್ನೂರಿನವರನ್ನೇ ಸೋಲಿಸಲು. ಬೀಟ್ಸನ್ ಕೂಡ ನ್ಯೂ ಸೌತ್ ವೇಲ್ಸ್‌ಗೆ ಆಡಿದ್ದರು. ಕ್ವೀನ್ಸ್‌ಲ್ಯಾಂಡ್‌ನ ಮರೂನ್ ಅಂಗಿ ಒಮ್ಮೆಯೂ ಹಾಕಿರಲಿಲ್ಲ.

1977ರಲ್ಲಿ ಪರ್ತ್‌ನಲ್ಲಿ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲಿನವರು ಹುಟ್ಟೂರಿನ ಲೆಕ್ಕದಲ್ಲಿ ತಂಡ ಕಟ್ಟಿ ಆಡಿ ನೋಡಿದ್ದರು. ಅದನ್ನೇ ರಗ್ಬಿ ಲೀಗ್‌ಗೆ ತರಲು ಕ್ವೀನ್ಸ್‌ಲ್ಯಾಂಡ್ ಲೀಗ್‌ನ ಮುಖ್ಯಸ್ಥ ರಾನ್ ಮೆಕಾಲಿಫ್ ಹಟ ಹಿಡಿದರು. 1980ರ ಸರಣಿಯ ಮೊದಲೆರಡು ಪಂದ್ಯ ನ್ಯೂ ಸೌತ್ ವೇಲ್ಸ್ ಗೆದ್ದಾಗಿತ್ತು. ಮೂರನೆಯದನ್ನು ಹುಟ್ಟೂರಿನ ಲೆಕ್ಕದಲ್ಲಿ ಆಡೋಣ ಅಂತ ತೀರ್ಮಾನವಾಯಿತು. ಸಿಡ್ನಿಯಲ್ಲಿ ಬಹಳ ಜನ ನಕ್ಕರು. ಒಂದೇ ಕ್ಲಬ್ಬಿನ ಗೆಳೆಯರು ಒಬ್ಬರನ್ನೊಬ್ಬರು ನಿಜವಾಗಿ ಗುದ್ದಾಡುತ್ತಾರಾ ಅಂತ ಅನುಮಾನ.

ಬೀಟ್ಸನ್‌ಗೆ ಆಗ ಮೂವತ್ತೈದು. ಪ್ಯಾರಾಮ್ಯಾಟಾ ಕ್ಲಬ್ಬಿನಲ್ಲಿ ಮೊದಲ ತಂಡದಿಂದಲೂ ಜಾರಿ ರಿಸರ್ವ್ ತಂಡಕ್ಕೆ ಆಡುತ್ತಿದ್ದರು. ಅವರನ್ನು ಕರೆದು ಕ್ಯಾಪ್ಟನ್ ಮಾಡಿದರು.

ಜುಲೈ 8, ಮಂಗಳವಾರ ರಾತ್ರಿ, ಬ್ರಿಸ್ಬೇನ್‌ನ ಲ್ಯಾಂಗ್ ಪಾರ್ಕ್. 33,210 ಜನ. ಬೀಟ್ಸನ್ ತಂಡದ ಮುಂದೆ ನಡೆದು ಬಂದಾಗ ಎದ್ದ ಕೂಗಿನ ಬಗ್ಗೆ ಅವತ್ತು ಅಲ್ಲಿದ್ದವರು ಇವತ್ತೂ ಹೇಳುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಹೊಡೆದಾಟ ಶುರುವಾಯಿತು. ಆಟದ ನಡುವೆ ಒಂದು ಟ್ಯಾಕಲ್‌ನಲ್ಲಿ ಬೀಟ್ಸನ್ ತೋಳು ಬೀಸಿದರು. ಕೆಳಗಿದ್ದವರು ಮಿಕ್ ಕ್ರೋನಿನ್, ಪ್ಯಾರಾಮ್ಯಾಟಾದಲ್ಲಿ ಇವರದ್ದೇ ಜೊತೆಗಾರ. ಏಟು ಎಷ್ಟು ಜೋರಿತ್ತು, ಅದು ಏಟೇ ಹೌದೋ ಅಲ್ಲವೋ ಅಂತ ಈಗಲೂ ವಾದ ನಡೆಯುತ್ತದೆ. ನನ್ನ ಕಣ್ಣಿಗೆ ಅದು ಅಂಥಾ ದೊಡ್ಡ ಏಟೇನಲ್ಲ. ಆದರೆ ಅನುಮಾನ ಪಟ್ಟವರಿಗೆ ಉತ್ತರ ಸಿಕ್ಕಿತು. ಕ್ವೀನ್ಸ್‌ಲ್ಯಾಂಡ್ 20-10ರಿಂದ ಗೆದ್ದಿತು. ಮ್ಯಾಲ್ ಮೆನಿಂಗಾ ಅನ್ನುವ ಹುಡುಗನಿಗೆ ಅವತ್ತೇ ಇಪ್ಪತ್ತು ತುಂಬಿತ್ತು. ಏಳು ಸಲ ಒದ್ದ, ಏಳೂ ಗೋಲು.

ಹುಟ್ಟೂರಿನ ಲೆಕ್ಕದ ಈ ಪಂದ್ಯಗಳಿಗೆ ಸ್ಟೇಟ್ ಆಫ್ ಒರಿಜಿನ್ ಅಂತ ಹೆಸರು. ಈಗ ಅದು ಆಸ್ಟ್ರೇಲಿಯಾದಲ್ಲಿ ವರ್ಷದ ಅತಿ ದೊಡ್ಡ ಪಂದ್ಯಗಳಲ್ಲಿ ಒಂದು. ಅದು ಆ ಒಂದು ರಾತ್ರಿಯ ಮೇಲೆ ನಿಂತಿದೆ. ಬೀಟ್ಸನ್ ಒರಿಜಿನ್ ಆಡಿದ್ದು ಅದೊಂದೇ ಪಂದ್ಯ.

ಇನ್ನು ಕೋಚ್ ಬೀಟ್ಸನ್. 1981ರಿಂದ 1984ರವರೆಗೆ ಕ್ವೀನ್ಸ್‌ಲ್ಯಾಂಡ್ ತಂಡ ಅವರ ಕೈಯಲ್ಲಿತ್ತು. 1981ರಲ್ಲಿ ಒಂದೇ ಒರಿಜಿನ್ ಪಂದ್ಯ. 0-15 ಹಿಂದಿದ್ದ ತಂಡ 22-15ರಿಂದ ಗೆದ್ದಿತು. ಮುಂದಿನ ಮೂರು ವರ್ಷ ಮೂರು ಪಂದ್ಯಗಳ ಸರಣಿ, ಮೂರನ್ನೂ ಕ್ವೀನ್ಸ್‌ಲ್ಯಾಂಡ್ ಗೆದ್ದಿತು. ವಾಲಿ ಲೂಯಿಸ್, ಮೆನಿಂಗಾ ಅಂಥವರು ತಂಡದಲ್ಲಿದ್ದರು, ಹಾಗಾಗಿ ಗೆದ್ದರು ಅನ್ನಬಹುದು. ಅರ್ಧ ನಿಜ. ಇನ್ನರ್ಧ ಏನೆಂದರೆ, ಒರಿಜಿನ್ ಕೋಚ್‌ಗೆ ಸಿಗುವುದು ಕೆಲವೇ ದಿನ. ಹೊಸ ತಂತ್ರ ಕಲಿಸಲು ಪುರಸೊತ್ತೇ ಇರುವುದಿಲ್ಲ. ಬೇರೆ ಬೇರೆ ಕ್ಲಬ್ಬಿನವರನ್ನು ಕೂಡಿಸಿ, ನೀವು ಒಂದೇ ಮನೆಯವರು ಅಂತ ಅನ್ನಿಸಬೇಕು, ಅಷ್ಟೆ. ಆ ಮಾತು ಬೀಟ್ಸನ್ ಬಾಯಲ್ಲಿ ಬಂದರೆ ಕೇಳದೇ ಇರಲು ಯಾರಿಗೂ ಆಗುತ್ತಿರಲಿಲ್ಲ.

1989ರಲ್ಲಿ ಮತ್ತೆ ಕರೆದರು. ಆ ವರ್ಷದ ಎರಡನೇ ಪಂದ್ಯ ಸಿಡ್ನಿಯಲ್ಲಿ. ಅದನ್ನು ಹೇಳದೆ ಮುಂದೆ ಹೋಗಲಾರೆ. ಅಲನ್ ಲ್ಯಾಂಗರ್ ಕಾಲು ಮುರಿಯಿತು. ಮೆನಿಂಗಾಗೆ ಕಣ್ಣಿನ ಗೂಡಿನ ಮೂಳೆ ಮುರಿಯಿತು. ಪಾಲ್ ವಾಟಿನ್ ಮೊಣಕೈ ಹೋಯಿತು, ಮೈಕಲ್ ಹ್ಯಾನ್ಕಾಕ್ ಭುಜ ಹೋಯಿತು. ಬದಲಿ ಆಟಗಾರರೆಲ್ಲ ಮುಗಿದರು. ಬಾಬ್ ಲಿಂಡ್ನರ್ ಮುರಿದ ಕಾಲಲ್ಲೇ ಆಡಿ ಕೊನೆಗೆ ಹೊತ್ತುಕೊಂಡು ಹೋಗಬೇಕಾಯಿತು. ಲೂಯಿಸ್ ಒಬ್ಬರೇ ನುಗ್ಗಿ ಟ್ರೈ ಹೊಡೆದರು. ಹನ್ನೆರಡೇ ಜನ ಉಳಿದಿದ್ದ ಕ್ವೀನ್ಸ್‌ಲ್ಯಾಂಡ್ 16-12ರಿಂದ ಗೆದ್ದಿತು. ಆ ಸರಣಿ 3-0. ಮರುವರ್ಷ ಸೋತರು, ಬೀಟ್ಸನ್ ಕೆಲಸ ಬಿಟ್ಟರು.

ಕ್ಲಬ್ ಮಟ್ಟದಲ್ಲಿ ಕಥೆ ಬೇರೆ. ಈಸ್ಟ್ಸ್‌ಗೆ, ಅಂದರೆ ಈಸ್ಟರ್ನ್ ಸಬರ್ಬ್ಸ್‌ಗೆ, ಮೊದಲು ಆಡುತ್ತಲೇ ಕೋಚ್ ಆದರು, ಆಮೇಲೆ 1985ರಿಂದ 1988ರವರೆಗೆ. 1987ರಲ್ಲಿ ಫೈನಲ್ ಬಾಗಿಲವರೆಗೆ ಹೋಗಿ ಕ್ಯಾನ್‌ಬೆರಾಗೆ ಸೋತರು. 1992-93ರಲ್ಲಿ ಸಿಡ್ನಿಯ ಇನ್ನೊಂದು ಕ್ಲಬ್ ಕ್ರೊನುಲ್ಲಾ, ಹೇಳಿಕೊಳ್ಳುವಂಥದ್ದೇನೂ ಇಲ್ಲ. 1983ರಲ್ಲಿ ಆಸ್ಟ್ರೇಲಿಯಾ ತಂಡವೂ ಸ್ವಲ್ಪ ಕಾಲ ಅವರ ಕೈಯಲ್ಲಿತ್ತು, ನ್ಯೂಜಿಲೆಂಡ್ ಎದುರು ಸರಣಿ 1-1. ಕೋಚ್ ಆಗಿ ಸಿಡ್ನಿಯ ಕಪ್ ಒಂದೂ ಇಲ್ಲ. ವಾರ ವಾರ, ಎಂಟು ತಿಂಗಳು ಒಂದೇ ತಂಡವನ್ನು ನಡೆಸಲು ಗಿಬ್ಸನ್ ಥರದ ಲೆಕ್ಕದ ತಲೆ ಬೇಕು. ಬೀಟ್ಸನ್‌ಗೆ ಅದು ಒಗ್ಗಲಿಲ್ಲ ಅಂತ ನನಗನ್ನಿಸುತ್ತದೆ. ಹೊಸ ಹುಡುಗರನ್ನು ಗುರುತಿಸುವ ಕೆಲಸ ಒಗ್ಗಿತು. ರೂಸ್ಟರ್ಸ್‌ಗೆ ಅದನ್ನು ಬಹಳ ಕಾಲ ಮಾಡಿದರು.

2003ರಲ್ಲಿ ಅವರನ್ನು ಆಟದ ಏಳನೇ 'ಇಮ್ಮಾರ್ಟಲ್' (ಅಮರರು) ಅಂತ ಗೌರವಿಸಿದರು, ಅಲ್ಲಿಯ ರಗ್ಬಿ ಲೀಗ್‌ನ ಅತಿ ದೊಡ್ಡ ಗೌರವ ಅದು. 2008ರಲ್ಲಿ ಆಸ್ಟ್ರೇಲಿಯಾದ ಶತಮಾನದ ತಂಡದಲ್ಲಿ ಪ್ರಾಪ್ ಸ್ಥಾನ. 2011ರ ಡಿಸೆಂಬರ್ 1ರಂದು ಗೋಲ್ಡ್ ಕೋಸ್ಟ್‌ನಲ್ಲಿ ಸೈಕಲ್ ಹೊಡೆಯುತ್ತಿದ್ದಾಗ ಹೃದಯಾಘಾತವಾಗಿ ಹೋದರು. ಅರವತ್ತಾರು ವರ್ಷ. ಲ್ಯಾಂಗ್ ಪಾರ್ಕ್ ಹೊರಗೆ ಅವರ ಪ್ರತಿಮೆ ಇದೆ. ಮೂಲನಿವಾಸಿ ಮಕ್ಕಳು ಶಾಲೆ ಬಿಡದ ಹಾಗೆ ನೋಡಿಕೊಳ್ಳಲು ಕ್ವೀನ್ಸ್‌ಲ್ಯಾಂಡ್‌ನ ಮಾಜಿ ಒರಿಜಿನ್ ಆಟಗಾರರು ನಡೆಸುವ ಅಕಾಡೆಮಿಗೆ 'ಆರ್ಟಿ' ಅಂತಲೇ ಹೆಸರು.

ಈಗ 1975ರ ಫೈನಲ್ಲಿನ ಕೆಲವು ತುಣುಕು ಹಾಕುತ್ತೇನೆ. ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ, ಬೀಟ್ಸನ್ ತೋಳುಗಳನ್ನಷ್ಟೇ ನೋಡುತ್ತಿರಿ. ಪ್ರಶ್ನೆಗಳನ್ನು ಆಮೇಲೆ ತಗೊಳ್ಳೋಣ.