ಹಾರಿಸೋಕೆ ಮೂವತ್ತಡಿ ಸಾಕು, ಇಳಿಸೋದೆಲ್ಲಿ? ಸಾಪ್‌ವಿತ್ 2ಎಫ್.1 ಕ್ಯಾಮೆಲ್

ಇದು ಮೊದಲ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ, ನೆಲದಿಂದ ಹಾರ್ತಿದ್ದ ಕ್ಯಾಮೆಲ್ ಅನ್ನ ಹಡಗಿಗೆ ತಕ್ಕಂತೆ ಬದಲಿಸಿದ್ದು. ಮೊದಲು ಕಾಕ್‌ಪಿಟ್‌ನ ಹಿಂದುಗಡೆ ನೋಡಿ. ಇಲ್ಲೊಂದು ಸಂದು ಕಾಣ್ತಿದೆ ಅಲ್ವಾ? ಇದನ್ನ ಬಿಡಿಸಿದ್ರೆ ಬಾಲದ ಭಾಗ ಪೂರ್ತಿ ಕಳಚಿ ಬರುತ್ತೆ. ಹಡಗಲ್ಲಿ ಜಾಗ ಇಕ್ಕಟ್ಟು, ಅದಕ್ಕೇ ಈ ಏರ್ಪಾಡು. ಈ ವಿಮಾನದಲ್ಲಿ ಮಾಡಿದ ಬದಲಾವಣೆಗಳಲ್ಲಿ ಅತಿ ಜಾಣತನದ್ದು ಇದೇ ಅನ್ಸುತ್ತೆ.

ನೆಲದ ಕ್ಯಾಮೆಲ್‌ನ ರೆಕ್ಕೆ 28 ಅಡಿ, ನೌಕಾಪಡೆಯದು 26 ಅಡಿ 11 ಇಂಚು. ಎರಡು ವಿಕರ್ಸ್ ಮಷಿನ್‌ಗನ್‌ಗಳಲ್ಲಿ ಒಂದನ್ನ ತೆಗೆದು, ಮೇಲಿನ ರೆಕ್ಕೆ ಮೇಲೆ ಲೂಯಿಸ್ ಗನ್ ಕೂರಿಸಿದ್ರು. ಗುಂಡು ಪ್ರೊಪೆಲ್ಲರ್‌ಗಿಂತ ಮೇಲಿಂದ ಹೋಗೋದ್ರಿಂದ ಅಲಗಿಗೆ ತಗಲೋ ಭಯ ಇಲ್ಲ. ಬೇಟೆ ಯಾವುದು? ಉತ್ತರ ಸಮುದ್ರದ ಮೇಲೆ ಕಣ್ಣಿಟ್ಟು ಕಾಯ್ತಿದ್ದ ಜರ್ಮನ್ ಜೆಪ್ಪೆಲಿನ್‌ಗಳು, ಅಂದ್ರೆ ಅನಿಲ ತುಂಬಿದ ದೈತ್ಯ ವಾಯುನೌಕೆಗಳು.

ಹಾರಿಸೋದು ಅಷ್ಟೇನೂ ಕಷ್ಟ ಆಗಲಿಲ್ಲ. ಹಡಗನ್ನ ಗಾಳಿಗೆ ಎದುರಾಗಿ ಓಡಿಸಿದ್ರೆ, ಗಾಳಿಯ ವೇಗಕ್ಕೆ ಹಡಗಿನ ವೇಗವೂ ಸೇರುತ್ತೆ. ಕಷ್ಟ ಇದ್ದಿದ್ದು ಇಳಿಯೋದ್ರಲ್ಲಿ.

1917ರ ಆಗಸ್ಟ್ 2, ಸ್ಕಾಟ್ಲೆಂಡಿನ ನೌಕಾನೆಲೆ ಸ್ಕಾಪಾ ಫ್ಲೋ. ಬ್ರಿಟಿಷ್ ನೌಕಾಪಡೆಯ ಫ್ಯೂರಿಯಸ್ ಹಡಗಿನ ವೇಗ 26 ನಾಟ್, ಗಾಳಿ 21 ನಾಟ್, ಒಟ್ಟು 47. ಕ್ಯಾಮೆಲ್‌ಗಿಂತ ಮುಂಚಿನ ಸಾಪ್‌ವಿತ್ ಪಪ್ ಇಳಿಯೋ ವೇಗವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಪೈಲಟ್ ಎಡ್ವಿನ್ ಡನಿಂಗ್ ಪಪ್‌ನಲ್ಲಿ ಡೆಕ್ ಮೇಲೆ ಬಂದಾಗ ವಿಮಾನ ನಿಂತಲ್ಲೇ ತೇಲಿದ ಹಾಗಿತ್ತು. ಸಿಬ್ಬಂದಿ ಓಡಿಬಂದು ಹಗ್ಗದ ಕುಣಿಕೆ ಹಿಡಿದು ಕೆಳಗೆಳೆದ್ರು. ಚಲಿಸ್ತಿರೋ ಹಡಗಿನ ಮೇಲೆ ವಿಮಾನ ಇಳಿದಿದ್ದು ಅದೇ ಮೊದಲು. ಐದು ದಿನದ ನಂತರ, ಮತ್ತೊಂದು ಪ್ರಯತ್ನ. ಇಳಿಯೋದು ತಪ್ಪಿತು ಅಂತ ಮತ್ತೆ ಮೇಲೇರೋಕೆ ಹೋದ್ರು, ಎಂಜಿನ್ ಉಸಿರುಕಟ್ಟಿತು. ಪ್ರೊಪೆಲ್ಲರ್ ಜೊತೆ ತಾನೂ ತಿರುಗೋ ರೋಟರಿ ಎಂಜಿನ್‌ನ ದೊಡ್ಡ ದೋಷವೇ ಇದು: ಇಂಧನ, ಗಾಳಿಯ ಹದ ಒಂಚೂರು ತಪ್ಪಿದ್ರೂ ಬೇಕಾದ ಕ್ಷಣಕ್ಕೆ ಶಕ್ತಿ ಸಿಗಲ್ಲ. ವಿಮಾನ ಬಲಗಡೆಯಿಂದ ಸಮುದ್ರಕ್ಕೆ ಬಿತ್ತು, ಡನಿಂಗ್ ಉಳಿಯಲಿಲ್ಲ.

ಆಮೇಲೆ ಫ್ಯೂರಿಯಸ್‌ನ ಹಿಂಬದಿಯಲ್ಲೂ ಡೆಕ್ ಕಟ್ಟಿದ್ರು. ಚಕ್ರದ ಬದಲು ಜಾರುಪಟ್ಟಿ, ಡೆಕ್ ಉದ್ದಕ್ಕೂ ತಂತಿ, ಕೊನೆಗೆ ಹಗ್ಗದ ತಡೆ. ಆದ್ರೆ ಚಿಮಣಿ, ಬ್ರಿಜ್ (ಹಡಗು ನಡೆಸೋ ಕಟ್ಟೆ) ನಡುವಲ್ಲೇ ಉಳಿದಿದ್ವು. ಅವುಗಳ ಹಿಂದೆ ಗಾಳಿ ಸುಳಿ ಸುಳಿಯಾಗಿ ತಿರುಗ್ತಿತ್ತು, ಜೊತೆಗೆ ಬಿಸಿ ಹೊಗೆ. ಇಳಿಯೋಕೆ ಬಂದ ವಿಮಾನಗಳಲ್ಲಿ ಹೆಚ್ಚಿನವು ಮುರಿದುಬಿದ್ವು. ಮುಂದೆ ಆರ್ಗಸ್ ಅನ್ನೋ ಹಡಗನ್ನ ಕಟ್ಟುವಾಗ ಡೆಕ್ ಪೂರ್ತಿ ಬಯಲು ಮಾಡಿ, ಹೊಗೆಯನ್ನ ಕೊಳವೆಗಳಲ್ಲಿ ಹಿಂದಕ್ಕೆ ಸಾಗಿಸಿದ್ರು.

ಅದು ಬರೋವರೆಗೂ ಕ್ಯಾಮೆಲ್‌ಗಳಿಗೆ ನೀರೇ ಗತಿ. 1918ರ ಜುಲೈ 19ರಂದು ಫ್ಯೂರಿಯಸ್‌ನಿಂದ ಏಳು ಕ್ಯಾಮೆಲ್‌ಗಳು ಹೊರಟು, ಜರ್ಮನ್ನರ ಟೋಂಡರ್ನ್ ನೆಲೆಯಲ್ಲಿದ್ದ ಎಲ್ 54, ಎಲ್ 60 ಜೆಪ್ಪೆಲಿನ್‌ಗಳನ್ನ ಸುಟ್ಟವು. ವಾಪಸ್ ಬಂದವು ಹಡಗಿನ ಪಕ್ಕ ನೀರಲ್ಲೇ ಇಳಿದ್ವು.

ಹಾರಿಸೋಕೆ ಇನ್ನೊಂದು ದಾರಿ, ಡಿಸ್ಟ್ರಾಯರ್ (ಚುರುಕಾದ ಯುದ್ಧನೌಕೆ) ಎಳೆಯೋ ದೋಣಿ. ಅದೇ ವರ್ಷದ ಮೇ ತಿಂಗಳಲ್ಲಿ ಪೈಲಟ್ ಚಾರ್ಲ್ಸ್ ಸ್ಯಾಮ್ಸನ್ ಜಾರುಪಟ್ಟಿ ಹಾಕಿ ಪ್ರಯತ್ನಿಸಿದ್ರು. ಪಟ್ಟಿ ತನ್ನ ಜಾಡಿನಿಂದ ಹೊರಬಂದು ವಿಮಾನ ದೋಣಿ ಮುಂದೆಯೇ ಬಿತ್ತು. ಹಾಗಾಗಿ ಮತ್ತೆ ಚಕ್ರ, 30 ಅಡಿಯ ಸಪಾಟು ಹಲಗೆ ಡೆಕ್. ಆಗಸ್ಟ್ 11ರಂದು ಪೈಲಟ್ ಸ್ಟುವರ್ಟ್ ಕಲಿ ಅಲ್ಲಿಂದ ಸುಮಾರು 5 ಅಡಿ ಓಡಿ ಗಾಳಿಗೇರಿದ್ರು. ಆ ವಿಮಾನದಲ್ಲಿದ್ದಿದ್ದು ಎರಡು ಲೂಯಿಸ್ ಗನ್. ಒಂದು ಏಳು ಗುಂಡಿಗೇ ಸಿಕ್ಕಿಕೊಂಡಿತು, ಇನ್ನೊಂದು ಎಲ್ 53 ಜೆಪ್ಪೆಲಿನನ್ನ ಉರಿಸಿತು. ವಾಪಸ್ ಬಂದು ಸಮುದ್ರದಲ್ಲಿ ಇಳಿದ ಮೇಲೆ ಕ್ರೇನ್‌ನಲ್ಲಿ ಎತ್ತಿಕೊಂಡ್ರು. ಅದೇ ಕ್ಯಾಮೆಲ್, ಎನ್6812, ಇವತ್ತಿಗೂ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸಂಗ್ರಹದಲ್ಲಿದೆ.