ಮೂರು ತಿಂಗಳ ದುಡ್ಡು, ಹತ್ತು ವರ್ಷದ ಕೆಲಸ

ಎಲ್ಲರಿಗೂ ನಮಸ್ಕಾರ.

ಆಗಲೇ ಹೊರಗೆ ಚಹಾ ಕುಡಿಯುತ್ತಿದ್ದಾಗ ಬಿ.ಕಾಂ. ಹುಡುಗನೊಬ್ಬ ಕೇಳಿದ: "ಸರ್, ಬಡ್ಡಿ ಏರಿದ್ರೆ ಬ್ಯಾಂಕಿಗೆ ಲಾಭ ತಾನೆ? ಅದರಲ್ಲಿ ಅಪಾಯ ಎಲ್ಲಿ ಬಂತು?" ಒಳ್ಳೆ ಪ್ರಶ್ನೆ. ನಾನು ಕ್ಲರ್ಕ್ ಆಗಿ ಬ್ಯಾಂಕ್ ಸೇರಿದ ಹೊಸದರಲ್ಲಿ ನನಗೂ ಹಾಗೇ ಅನಿಸುತ್ತಿತ್ತು. ಅಕ್ಕಿ ಬೆಲೆ ಏರಿದರೆ ಅಕ್ಕಿ ಅಂಗಡಿಯವನಿಗೆ ಖುಷಿ, ಬಡ್ಡಿ ಏರಿದರೆ ಬ್ಯಾಂಕಿಗೆ ಖುಷಿ. ಆದರೆ ಬ್ಯಾಂಕ್ ಮಾರುವ ಅಕ್ಕಿ ಅದರದ್ದಲ್ಲ. ಊರವರ ಹತ್ತಿರ ಕಡ ತಂದದ್ದು. ಕಡ ಕೊಟ್ಟವರು ಯಾವಾಗ ವಾಪಸ್ ಕೇಳುತ್ತಾರೆ, ಒಯ್ದವರು ಯಾವಾಗ ವಾಪಸ್ ಕೊಡುತ್ತಾರೆ, ಈ ಎರಡು ತಾರೀಖು ಒಂದೇ ಆಗಿರುವುದಿಲ್ಲ. ಇವತ್ತಿನ ನನ್ನ ಮಾತೆಲ್ಲ ಆ ಎರಡು ತಾರೀಖುಗಳ ನಡುವಿನ ಜಾಗದ ಬಗ್ಗೆಯೇ.

ಬಡ್ಡಿ ಏರಿದ್ದರಿಂದಲೇ ಮುಳುಗಿದ ಒಂದು ಬ್ಯಾಂಕಿನ ಕತೆ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಸಿಲಿಕಾನ್ ವ್ಯಾಲಿ ಬ್ಯಾಂಕ್. 1983ರಲ್ಲಿ ಶುರುವಾದದ್ದು. ಅದರ ಗಿರಾಕಿಗಳು ಬಹುಪಾಲು ಸ್ಟಾರ್ಟಪ್ ಕಂಪನಿಗಳು. 2020, 2021ರಲ್ಲಿ ಅಮೆರಿಕದಲ್ಲಿ ಬಡ್ಡಿ ಸೊನ್ನೆಯ ಹತ್ತಿರ ಇತ್ತು. ಹೂಡಿಕೆದಾರರು ಸ್ಟಾರ್ಟಪ್‌ಗಳಿಗೆ ದುಡ್ಡು ಸುರಿದರು, ಅವು ಆ ದುಡ್ಡನ್ನು ತಂದು ಈ ಬ್ಯಾಂಕಿನಲ್ಲಿ ಇಟ್ಟವು. 2019ರ ಕೊನೆಗೆ ಸುಮಾರು 60 ಬಿಲಿಯನ್ ಡಾಲರ್ ಇದ್ದ ಠೇವಣಿ, ಎರಡೇ ವರ್ಷದಲ್ಲಿ ಮೂರು ಪಟ್ಟು ಆಯಿತು. ಒಂದು ಬಿಲಿಯನ್ ಅಂದರೆ ನಮ್ಮ ನೂರು ಕೋಟಿ, ನೆನಪಿರಲಿ.

ಇಷ್ಟು ದುಡ್ಡು ಬಂದರೆ ಬ್ಯಾಂಕ್ ಏನು ಮಾಡಬೇಕು? ಸುಮ್ನೆ ಇಟ್ಟುಕೊಂಡರೆ ಆದಾಯ ಇಲ್ಲ. ಸಾಲ ಕೊಡೋಣ ಅಂದರೆ ಸ್ಟಾರ್ಟಪ್‌ಗಳ ಕೈಯಲ್ಲೇ ದುಡ್ಡಿದೆ, ಅವಕ್ಕೆ ಸಾಲ ಬೇಡ. ಹಾಗಾಗಿ ಬ್ಯಾಂಕ್ ಬಾಂಡ್, ಅಂದರೆ ಸಾಲಪತ್ರ, ಕೊಂಡಿತು. ಅಮೆರಿಕ ಸರ್ಕಾರದ ಬಾಂಡು, ಗೃಹಸಾಲಗಳ ಮೇಲೆ ಹೊರಡಿಸಿದ ಬಾಂಡು. ಮುಳುಗುವ ಸಾಲ ಒಂದೂ ಇಲ್ಲ. ಕೊಟ್ಟ ದುಡ್ಡು ಪೂರ್ತಿ ವಾಪಸ್ ಬರುವುದು ಖಂಡಿತ. ಆದರೆ ಹತ್ತು ವರ್ಷ ಕಾಯಬೇಕು. ಇತ್ತ ಠೇವಣಿ ಇಟ್ಟವನು ನಾಳೆ ಬೆಳಿಗ್ಗೆ ಬಂದು ಕೇಳಬಹುದು.

ಇಲ್ಲಿ ಒಂದು ಲೆಕ್ಕ ಮಾಡೋಣ. ನಿಮ್ಮ ಹತ್ತಿರ ನೂರು ರೂಪಾಯಿಯ ಬಾಂಡ್ ಇದೆ. ವರ್ಷಕ್ಕೆ 6 ರೂಪಾಯಿ ಬಡ್ಡಿ, ಹತ್ತು ವರ್ಷಕ್ಕೆ ಅಸಲು ವಾಪಸ್. ಕೊಂಡ ಮಾರನೇ ದಿನ ಪೇಟೆಯಲ್ಲಿ ಬಡ್ಡಿ ಏಳೂವರೆ ಆಯಿತು. ಈಗ ನಿಮ್ಮ ಬಾಂಡನ್ನು ನೂರು ರೂಪಾಯಿಗೆ ಯಾರು ಕೊಳ್ಳುತ್ತಾರೆ? ಅದೇ ನೂರಕ್ಕೆ ಏಳೂವರೆ ಕೊಡುವ ಹೊಸ ಬಾಂಡ್ ಸಿಗುತ್ತಿದೆ. ನಿಮ್ಮದು ಸುಮಾರು 90 ರೂಪಾಯಿಗೆ ಇಳಿಯುತ್ತದೆ. ಅದೇ ಬಾಂಡು ಒಂದೇ ವರ್ಷದ್ದಾಗಿದ್ದರೆ? 98 ರೂಪಾಯಿ 60 ಪೈಸೆ. ಬಡ್ಡಿ ಏರಿದ್ದು ಎರಡಕ್ಕೂ ಒಂದೇ ಸಮ. ಪೆಟ್ಟು ಬಿದ್ದದ್ದು ಉದ್ದ ಇರುವುದಕ್ಕೆ.

2022ರ ಮಾರ್ಚ್‌ನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಬಡ್ಡಿ ಏರಿಸಲು ಶುರು ಮಾಡಿತು. ಸೊನ್ನೆಯ ಹತ್ತಿರ ಇದ್ದದ್ದು ಒಂದು ವರ್ಷ ತುಂಬುವುದರೊಳಗೆ ನಾಲ್ಕೂವರೆ ದಾಟಿತು. ಗೃಹಸಾಲದ ಬಾಂಡುಗಳಲ್ಲಿ ಇನ್ನೊಂದು ತಮಾಷೆ ಇದೆ. ಮನೆ ಸಾಲಗಾರರು ಕಟ್ಟುವ ದುಡ್ಡೇ ಬಾಂಡ್ ಕೊಂಡವರಿಗೆ ಬರುವುದು. ಬಡ್ಡಿ ಕಡಿಮೆ ಇದ್ದಾಗ ಜನ ಹಳೆ ಸಾಲ ತೀರಿಸಿ ಹೊಸದು ಮಾಡುತ್ತಾರೆ. ಬಡ್ಡಿ ಏರಿದ ಮೇಲೆ, ಅಗ್ಗದ ಸಾಲವನ್ನು ಬೇಗ ತೀರಿಸಲು ಯಾರಿಗೂ ಮನಸ್ಸಿಲ್ಲ. ಹಾಗಾಗಿ ದುಡ್ಡು ಇನ್ನೂ ತಡವಾಗಿ ವಾಪಸ್ ಬರುತ್ತದೆ. ಬೇಕಾದಾಗ ಉದ್ದವಾಗುವ ಹಗ್ಗ ಅಲ್ಲ ಇದು, ಬೇಡವಾದಾಗ ಉದ್ದವಾಗುವ ಹಗ್ಗ.

2022ರ ಕೊನೆಗೆ ಆ ಬ್ಯಾಂಕಿನ ಸ್ಥಿತಿ ಹೀಗಿತ್ತು. ಸ್ವಂತ ಬಂಡವಾಳ ಸುಮಾರು 16 ಬಿಲಿಯನ್ ಡಾಲರ್. "ಗಡುವು ಮುಗಿಯುವ ತನಕ ಇಟ್ಟುಕೊಳ್ಳುತ್ತೇವೆ, ಮಾರುವುದಿಲ್ಲ" ಎಂದು ಬದಿಗಿಟ್ಟ ಬಾಂಡುಗಳ ಮೇಲಿನ ನಷ್ಟವೇ ಸುಮಾರು 15 ಬಿಲಿಯನ್. ಮಾರದೆ ಇಟ್ಟ ಬಾಂಡಿನ ನಷ್ಟವನ್ನು ಲಾಭ ನಷ್ಟದ ಲೆಕ್ಕಕ್ಕೆ ತರಬೇಕಾಗಿಲ್ಲ. ನಿಯಮ ಹಾಗೇ ಇತ್ತು. ವಾರ್ಷಿಕ ವರದಿಯ ಟಿಪ್ಪಣಿಯಲ್ಲಿ ಈ ಅಂಕಿ ಎಲ್ಲರ ಕಣ್ಣೆದುರೇ ಇತ್ತು. ಟಿಪ್ಪಣಿ ಓದುವವರು ಯಾರು, ಅಲ್ವಾ? ಬಡ್ಡಿ ಏರಿದರೆ ರಕ್ಷಣೆ ಸಿಗಲಿ ಎಂದು ಮಾಡಿಕೊಂಡಿದ್ದ ಒಪ್ಪಂದಗಳನ್ನೂ ಬ್ಯಾಂಕ್ ಅದೇ ವರ್ಷ ಕೈಬಿಟ್ಟಿತ್ತು. ಅಪಾಯ ನೋಡಿಕೊಳ್ಳುವ ಮುಖ್ಯ ಅಧಿಕಾರಿಯ ಕುರ್ಚಿ ಹೆಚ್ಚು ಕಡಿಮೆ ಎಂಟು ತಿಂಗಳು ಖಾಲಿ ಇತ್ತು. ಬ್ಯಾಂಕಿನಲ್ಲಿ ಕೆಲಸ ಮಾಡಿದ ನನಗೆ ಈ ಕತೆಯಲ್ಲಿ ಅತಿ ಜಾಸ್ತಿ ಚುಚ್ಚುವುದು ಆ ಖಾಲಿ ಕುರ್ಚಿ.

ಬಡ್ಡಿ ಏರಿದ ಮೇಲೆ ಸ್ಟಾರ್ಟಪ್‌ಗಳಿಗೆ ಹೊಸ ದುಡ್ಡು ಬರುವುದು ಕಡಿಮೆಯಾಯಿತು. ಸಂಬಳ ಕೊಡಲು ಅವು ಠೇವಣಿ ತೆಗೆಯತೊಡಗಿದವು. ಠೇವಣಿ ತೆಗೆದರೆ ಬ್ಯಾಂಕ್ ಬಾಂಡ್ ಮಾರಲೇಬೇಕು. 2023ರ ಮಾರ್ಚ್ 8, ಬುಧವಾರ: ಸುಮಾರು 21 ಬಿಲಿಯನ್ ಡಾಲರ್ ಬಾಂಡ್ ಮಾರಿದ್ದೇವೆ, 1.8 ಬಿಲಿಯನ್ ನಷ್ಟವಾಗಿದೆ ಎಂದು ಬ್ಯಾಂಕ್ ಪ್ರಕಟಿಸಿತು. ಗುರುವಾರ ಒಂದೇ ದಿನ ಗಿರಾಕಿಗಳು 42 ಬಿಲಿಯನ್ ತೆಗೆದರು. ಶುಕ್ರವಾರಕ್ಕೆ ಇನ್ನೂ ನೂರು ಬಿಲಿಯನ್‌ಗಿಂತ ಜಾಸ್ತಿ ಕೇಳಿಕೆ ಸಾಲಿನಲ್ಲಿ ನಿಂತಿತ್ತು. ಶುಕ್ರವಾರ ಬೆಳಿಗ್ಗೆ ಬ್ಯಾಂಕಿಗೆ ಬೀಗ.

ಬೆಂಗಳೂರಿನ ಎಷ್ಟೋ ಸ್ಟಾರ್ಟಪ್‌ನವರು ಆ ಶನಿವಾರ, ಭಾನುವಾರ ನಿದ್ದೆ ಮಾಡಲಿಲ್ಲ. ಅಮೆರಿಕದ ಹೂಡಿಕೆ ಪಡೆದ ನಮ್ಮ ಕಂಪನಿಗಳ ಖಾತೆಯೂ ಅಲ್ಲೇ ಇತ್ತು. ಭಾನುವಾರ ಸಂಜೆ ಅಮೆರಿಕ ಸರ್ಕಾರ ಎಲ್ಲ ಠೇವಣಿಗೂ ಭರವಸೆ ಕೊಟ್ಟ ಮೇಲೆ ಉಸಿರು ಬಂತು.

ಬೇರೆ ಬ್ಯಾಂಕುಗಳ ಹತ್ತಿರವೂ ಇಂಥ ಬಾಂಡುಗಳಿದ್ದವು. ಅವೆಲ್ಲ ಯಾಕೆ ಮುಳುಗಲಿಲ್ಲ? ಠೇವಣಿ ಇಟ್ಟವರು ಯಾರು ಎಂದು ನೋಡಬೇಕು. ಅಮೆರಿಕದಲ್ಲಿ ಎರಡೂವರೆ ಲಕ್ಷ ಡಾಲರ್ ತನಕ ಠೇವಣಿಗೆ ವಿಮೆ ಇದೆ. ಈ ಬ್ಯಾಂಕಿನ ಠೇವಣಿಯಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಆ ಮಿತಿಯ ಆಚೆ ಇತ್ತು. ಎಲ್ಲರೂ ಒಂದೇ ಕಸುಬಿನವರು, ಒಬ್ಬರಿಗೊಬ್ಬರು ಗೊತ್ತು, ಎಲ್ಲರ ಕೈಯಲ್ಲೂ ಫೋನು. ಒಬ್ಬ ಎದ್ದರೆ ಇಡೀ ಪಂಕ್ತಿಯೇ ಎದ್ದು ಹೋಗುತ್ತದೆ.

ಇದನ್ನು ಓದುವಾಗ ನನಗೆ ಉಡುಪಿಯ ಪಿಗ್ಮಿ ನೆನಪಾಯಿತು. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ ಯೋಜನೆ. ಏಜೆಂಟ್ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಒಯ್ಯುತ್ತಿದ್ದ. ಬೀಡಿ ಕಟ್ಟುವವರು, ಹೂ ಮಾರುವವರು, ಹೋಟೆಲ್ ಮಾಣಿಗಳು ಕಟ್ಟುವ ದುಡ್ಡು. ಒಬ್ಬನಿಗೆ ಮಗಳ ಮದುವೆ, ಇನ್ನೊಬ್ಬನಿಗೆ ಮಾಡಿನ ಹಂಚು. ಎಲ್ಲರೂ ಒಂದೇ ಗುರುವಾರ ಬಂದು ಕೇಳುವ ದುಡ್ಡಲ್ಲ ಅದು. ಕಾಗದದ ಮೇಲೆ ಸಣ್ಣ ಗಡುವಿನ ಠೇವಣಿ, ನಡವಳಿಕೆಯಲ್ಲಿ ಉದ್ದನೆಯದು. ಕಿರಿಕಿರಿ ಕೆಲಸ, ಸಂಗ್ರಹದ ಖರ್ಚು ಜಾಸ್ತಿ, ನಿಜ. ಆದರೂ ಒಬ್ಬನೇ ಇಡುವ ಹತ್ತು ಕೋಟಿಗಿಂತ ಸಾವಿರ ಜನ ಇಡುವ ಹತ್ತು ಕೋಟಿಗೆ ನಾನು ಜಾಸ್ತಿ ಬೆಲೆ ಕಟ್ಟುತ್ತೇನೆ.

ಬಡ್ಡಿ ಇಳಿದರೆ ಎಲ್ಲ ಸರಿಹೋಗುತ್ತದೆಯೇ? ಅದೂ ಇಲ್ಲ. 2019ರ ಅಕ್ಟೋಬರ್‌ನಿಂದ ನಮ್ಮಲ್ಲಿ ಬ್ಯಾಂಕುಗಳು ಕೊಡುವ ಹೊಸ ಚರಬಡ್ಡಿಯ (ಆಗಾಗ ಏರಿಳಿಯುವ ಬಡ್ಡಿಯ) ಗೃಹಸಾಲ ಮತ್ತು ಸಣ್ಣ ಉದ್ಯಮದ ಸಾಲಗಳನ್ನು ಹೊರಗಿನ ಒಂದು ದರಕ್ಕೆ ಕಟ್ಟಿಹಾಕಿದ್ದಾರೆ. ಹೆಚ್ಚಿನ ಬ್ಯಾಂಕುಗಳು ರೆಪೊ ದರವನ್ನೇ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರವನ್ನೇ, ಹಿಡಿದಿವೆ. 2025ರ ಫೆಬ್ರವರಿಯಿಂದ ಜೂನ್ ಒಳಗೆ ರಿಸರ್ವ್ ಬ್ಯಾಂಕ್ ರೆಪೊವನ್ನು 6.50ರಿಂದ 5.50ಕ್ಕೆ ಇಳಿಸಿತು. ಸಾಲದ ಬಡ್ಡಿ ಬೇಗ ಇಳಿಯಿತು. ಆದರೆ ಹಿಂದಿನ ವರ್ಷ ಒಳ್ಳೆ ಬಡ್ಡಿಗೆ ಎಫ್‌ಡಿ ಇಟ್ಟ ಅಜ್ಜನಿಗೆ ಗಡುವು ಮುಗಿಯುವ ತನಕ ಅದೇ ಬಡ್ಡಿ ಕೊಡಬೇಕು. ಬರುವುದು ಇಳಿಯಿತು, ಕೊಡುವುದು ನಿಂತಲ್ಲೇ ನಿಂತಿದೆ. ಆಗ ಬ್ಯಾಂಕಿನ ಲಾಭದ ಅಂಚು ಸವೆಯುತ್ತದೆ. ಎಫ್‌ಡಿ ಮುಗಿದ ಮೇಲೆ ಸವೆಯುವ ಸರದಿ ಅಜ್ಜನದ್ದು.

ಈಗ ಸಾಲಗಾರನ ಕಡೆ ಬರೋಣ. ಚರಬಡ್ಡಿ ಅಂದರೆ ಬ್ಯಾಂಕ್ ತನ್ನ ಅಪಾಯವನ್ನು ಸಾಲಗಾರನ ಹೆಗಲಿಗೆ ದಾಟಿಸುವುದು. ಹೀಗೆ ದಾಟಿಸಿದ್ದು ಹೋಗುವುದಿಲ್ಲ, ಬೇರೆ ವೇಷದಲ್ಲಿ ವಾಪಸ್ ಬರುತ್ತದೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೊ 4ರಿಂದ 6.50ಕ್ಕೆ ಏರಿತು. 30 ಲಕ್ಷದ ಗೃಹಸಾಲ, 20 ವರ್ಷ, 6.7 ಬಡ್ಡಿ ಅಂದುಕೊಳ್ಳಿ. ಕಂತು ಸುಮಾರು 22,700. ಲೆಕ್ಕ ಸುಲಭವಾಗಲಿ ಅಂತ ಎರಡೂವರೆ ಪೂರ್ತಿ ಒಂದೇ ದಿನ ಏರಿಸೋಣ. ಬಡ್ಡಿ 9.2. ಕಂತು 27,400ರ ಹತ್ತಿರ ಆಗಬೇಕು. "ಕಂತು ಏರಿಸಬೇಡಿ, ಅವಧಿ ಉದ್ದ ಮಾಡಿ" ಅನ್ನುತ್ತಾರೆ ಬಹಳ ಜನ. ಆದರೆ 30 ಲಕ್ಷಕ್ಕೆ 9.2ರಂತೆ ಒಂದು ತಿಂಗಳ ಬಡ್ಡಿಯೇ 23,000. ಹಳೆ ಕಂತು ಬಡ್ಡಿಗೇ ಸಾಲದು. ಕಟ್ಟುತ್ತಲೇ ಇದ್ದರೂ ಸಾಲ ಬೆಳೆಯುತ್ತದೆ! ಕಂತು ಏರಿಸುವುದೋ ಅವಧಿ ಏರಿಸುವುದೋ ಎಂದು ಸಾಲಗಾರನನ್ನು ಕೇಳಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಬ್ಯಾಂಕುಗಳಿಗೆ ಹೇಳಿತು. ಏರಿಕೆ ಪೂರ್ತಿ ಮುಗಿದು ಆರು ತಿಂಗಳ ಮೇಲೆ. ತಡ ಆಯಿತು ಅಂತಲೇ ನನ್ನ ಅಭಿಪ್ರಾಯ.

ಮುಂದಿನ ಸಾಲಿನಲ್ಲಿ ಕುಳಿತಿರುವ, ಬೆಳಗಾವಿಯ ಕಾರ್ಖಾನೆ ಪ್ರದೇಶವಾದ ಉದ್ಯಮಬಾಗ್‌ನವರು ಕಾಯುತ್ತಿದ್ದಾರೆ, ಅವರ ವಿಷಯಕ್ಕೆ ಬರುತ್ತೇನೆ. ನಿಮ್ಮ ಸಿಸಿ (ಕ್ಯಾಶ್ ಕ್ರೆಡಿಟ್) ಲಿಮಿಟ್, ಅಂದರೆ ವ್ಯಾಪಾರ ನಡೆಸಲು ಬೇಕಾದಾಗ ತೆಗೆದು ಮತ್ತೆ ತುಂಬುವ ಸಾಲದ ಮಿತಿ, 60 ಲಕ್ಷ, ಪೂರ್ತಿ ಬಳಸಿದ್ದೀರಿ. ಬಡ್ಡಿ ಎರಡೂವರೆ ಏರಿದರೆ ವರ್ಷಕ್ಕೆ ಒಂದೂವರೆ ಲಕ್ಷ ಹೆಚ್ಚುವರಿ. ವರ್ಷಕ್ಕೆ 12 ಲಕ್ಷ ಉಳಿಸುವ ಫೌಂಡ್ರಿಗೆ (ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗೆ) ಅದು ಎಂಟರಲ್ಲಿ ಒಂದು ಪಾಲು. ಸಹಿಸಬಹುದು. ನಾನು ಕಂಡ ಹಾಗೆ ಸಣ್ಣ ಕಾರ್ಖಾನೆಗಳನ್ನು ಮಲಗಿಸುವುದು ಈ ಒಂದೂವರೆ ಲಕ್ಷ ಅಲ್ಲ. ಬಡ್ಡಿ ಏರಿದಾಗ ನಿಮ್ಮಿಂದ ಕಾಸ್ಟಿಂಗ್ (ಎರಕದ ಭಾಗ) ಕೊಳ್ಳುವ ದೊಡ್ಡ ಕಂಪನಿಗೂ ಬಿಸಿ ತಟ್ಟುತ್ತದೆ. ಅವರು ಬ್ಯಾಂಕಿನಿಂದ ಸಾಲ ತೆಗೆಯುವ ಬದಲು ನಿಮ್ಮ ಬಿಲ್ಲನ್ನೇ ತಡ ಮಾಡುತ್ತಾರೆ. 45 ದಿನದೊಳಗೆ ಕೊಡಬೇಕು ಎಂದು ಕಾನೂನಿದೆ. ದೊಡ್ಡ ಗಿರಾಕಿಯ ಮೇಲೆ ದೂರು ಕೊಡುವ ಧೈರ್ಯ ಎಷ್ಟು ಜನಕ್ಕಿದೆ, ಕೈ ಎತ್ತಿ ನೋಡೋಣ. ಹಾಂ, ಅದೇ.

ನನಗೆ ಗೊತ್ತಿದ್ದ ಒಬ್ಬರು ಫೌಂಡ್ರಿ ಮಾಲೀಕರು ಇಂಡಕ್ಷನ್ ಫರ್ನೆಸ್, ಅಂದರೆ ಕರೆಂಟಿನಿಂದ ಕಬ್ಬಿಣ ಕರಗಿಸುವ ಕುಲುಮೆ, ಕೊಂಡರು. ಟರ್ಮ್ ಲೋನಿನ (ವರ್ಷಗಟ್ಟಲೆ ಕಂತಿನಲ್ಲಿ ತೀರಿಸುವ ಸಾಲದ) ಕಾಗದಪತ್ರ ತಡವಾಗುತ್ತದೆ ಎಂದು ಸಿಸಿ ದುಡ್ಡನ್ನೇ ಹಾಕಿದರು. ಫರ್ನೆಸ್ ಹತ್ತು ವರ್ಷ ದುಡಿಯುವ ಯಂತ್ರ. ಸಿಸಿ ಅಂದರೆ ಕಬ್ಬಿಣ ತಂದು, ಕರಗಿಸಿ, ಮಾರಿ, ಮೂರು ತಿಂಗಳಲ್ಲಿ ವಾಪಸ್ ತುಂಬಬೇಕಾದ ದುಡ್ಡು. ಎರಡು ವರ್ಷ ಏನೂ ಆಗಲಿಲ್ಲ. 2022ರಲ್ಲಿ ಬಡ್ಡಿ ಏರಿತು, ಗಿರಾಕಿ ಬಿಲ್ ತಡ ಮಾಡಿದ, ಮಾಲು ತರಲು ದುಡ್ಡಿಲ್ಲದೆ ಸ್ಟಾಕ್ ಇಳಿಯಿತು. ಸ್ಟಾಕ್ ಸ್ಟೇಟ್‌ಮೆಂಟ್ ನೋಡಿ ಬ್ಯಾಂಕು ಡ್ರಾಯಿಂಗ್ ಪವರ್, ಅಂದರೆ ಸಿಸಿಯಿಂದ ತೆಗೆಯಬಹುದಾದ ಮೊತ್ತ, ಇಳಿಸಿತು. ಮೂರು ತಿಂಗಳು ತಿರುಗಬೇಕಾದ ದುಡ್ಡು ಶೆಡ್ಡಿನ ಮೂಲೆಯಲ್ಲಿ ಫರ್ನೆಸ್ ಆಗಿ ಕುಳಿತಿತ್ತು. ಕ್ಯಾಲಿಫೋರ್ನಿಯಾದ ಆ ಬ್ಯಾಂಕಿಗೂ ಇವರಿಗೂ ಸೊನ್ನೆಗಳ ಲೆಕ್ಕದಲ್ಲಷ್ಟೇ ವ್ಯತ್ಯಾಸ.

ಅವರು ರಾತ್ರಿ ಫೋನ್ ಮಾಡಿ, "ಸರ್, ಬ್ಯಾಂಕು ಬದಲಾಯಿಸಲಾ? ಬೇರೆಯವರು ಕಾಲು ಪರ್ಸೆಂಟ್ ಕಡಿಮೆಗೆ ಕೊಡ್ತಾರಂತೆ" ಎಂದು ಕೇಳಿದರು. ಕಾಲು ಪರ್ಸೆಂಟ್ ಬಿಡಿ, ಫರ್ನೆಸ್‌ಗೆ ಹೋದ ಮೊತ್ತ ಎಷ್ಟು ಎಂದು ಬರೆದುಕೊಂಡು ನಿಮ್ಮ ಮ್ಯಾನೇಜರ್ ಹತ್ತಿರ ಹೋಗಿ, ಆಗಿದ್ದನ್ನು ಮುಚ್ಚಿಡದೆ ಹೇಳಿ ಅಂದೆ. ಬೈಸಿಕೊಂಡರು. ಆದರೆ ಮ್ಯಾನೇಜರ್ ಸಿಸಿಯಿಂದ 18 ಲಕ್ಷ ಬೇರೆ ತೆಗೆದು ಐದು ವರ್ಷದ ಟರ್ಮ್ ಲೋನ್ ಮಾಡಿಕೊಟ್ಟರು. ಬಡ್ಡಿ ಹೆಚ್ಚು ಕಡಿಮೆ ಹಿಂದಿನಷ್ಟೇ, ಒಂದು ಪೈಸೆ ಸಾಲವೂ ಮನ್ನಾ ಆಗಲಿಲ್ಲ. ಮರುವಾರ ಅವರ ಅಂಗಳದಲ್ಲಿ ಪಿಗ್ ಐರನ್ (ಕರಗಿಸುವ ಕಚ್ಚಾ ಕಬ್ಬಿಣ) ತಂದ ಲಾರಿ ನಿಂತಿತ್ತು.